577201: ಶಿವಮೊಗ್ಗದ ಪಿನ್‌ಕೋಡ್ ಆಗಿರುವ ಸಂಖ್ಯೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಮಕ್ಕಳ ಜೊತೆ ಗಣಿತ ಮಾತಾಡುವಾಗ ನಾನು ಬೋರ್ಡಿನ ಮೇಲೆ ಈ ಆರು ಅಂಕಿಗಳನ್ನು ಬರೆಯುತ್ತೇನೆ. ಎಲ್ಲರಿಗೂ ಬಾಯಿಪಾಠ ಇರುವ ಸಂಖ್ಯೆ ಇದು. ಆದರೆ ಇದನ್ನು ಸಂಖ್ಯೆಯಾಗಿ ನೋಡಿದವರು ಕಡಿಮೆ. ಮಕ್ಕಳು, ಅವರ ಅಪ್ಪ ಅಮ್ಮಂದಿರು, ಬೇರೆ ಶಾಲೆಗಳ ಮೇಷ್ಟ್ರುಗಳು, ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತಾ ಬಂದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಪರಿಚಯ

ಪಿನ್‌ಕೋಡ್ ಅಂದ್ರೆ ಬರೀ ವಿಳಾಸ ಅಲ್ವಾ ಸಾರ್? ಅದರಲ್ಲಿ ಗಣಿತ ಏನಿದೆ?

ಅಂಚೆಯವರಿಗೆ ಅದು ವಿಳಾಸವೇ. ಪಿನ್‌ಕೋಡ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿದ ವಲಯ. 56ರಿಂದ 59ರವರೆಗಿನ ಜೋಡಿ ಅಂಕಿಗಳು ಕರ್ನಾಟಕದವು. 577 ಎಂಬ ಮೂರಂಕಿಯಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಚಿತ್ರದುರ್ಗದ ಕಡೆಯ ಊರುಗಳು ಬರುತ್ತವೆ. ಕೊನೆಯ ಮೂರು ಅಂಕಿ ಕಾಗದ ಬಟವಾಡೆ ಮಾಡುವ ಅಂಚೆ ಕಚೇರಿಯದು.

ಇಷ್ಟು ಅಂಚೆಯ ಕಥೆ. ಆದರೆ ಅಂಚೆ ಇಲಾಖೆ ಹುಟ್ಟುವ ಮೊದಲೂ 577201 ಇತ್ತು. 577200 ಆದಮೇಲೆ, 577202ಕ್ಕೆ ಮೊದಲು, ತನ್ನ ಜಾಗದಲ್ಲೇ ಇತ್ತು. ಅದನ್ನು ಯಾವುದು ಭಾಗಿಸುತ್ತದೆ, ಅದು ಯಾವ ಗುಂಪಿಗೆ ಸೇರುತ್ತದೆ ಎನ್ನುವುದನ್ನು ಯಾರೂ ಗೊತ್ತು ಮಾಡಿ ಇಟ್ಟಿದ್ದಲ್ಲ. ನಾವು ಹುಡುಕಿ ತಿಳಿಯಬೇಕು. ನನಗೆ ಇಷ್ಟವಾಗುವುದು ಈ ಭಾಗ.

ಆರೇ ಅಂಕಿ ಇದೆ. ಇದನ್ನ ದೊಡ್ಡ ಸಂಖ್ಯೆ ಅನ್ನಬಹುದಾ?

ಕಂಪ್ಯೂಟರಿಗೆ ಇದು ತೀರಾ ಚಿಕ್ಕದು. ಕೈಯಲ್ಲಿ ಲೆಕ್ಕ ಮಾಡುವವರಿಗೆ ಹದವಾದ ದೊಡ್ಡದು. ಐದು ಲಕ್ಷ ಎಪ್ಪತ್ತೇಳು ಸಾವಿರದ ಇನ್ನೂರ ಒಂದನ್ನು ಕಣ್ಣಳತೆಯಲ್ಲಿ ಒಡೆಯಲು ಆಗುವುದಿಲ್ಲ, ಆದರೆ ಕಾಗದ ಪೆನ್ಸಿಲ್ ಹಿಡಿದರೆ ಒಂದು ಸಂಜೆಯಲ್ಲಿ ಇದರ ಗುಣಗಳನ್ನು ತಿಳಿಯಬಹುದು. ಕಲಿಯಲು ಇದಕ್ಕಿಂತ ಒಳ್ಳೆಯ ಗಾತ್ರ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇದು ಅವಿಭಾಜ್ಯ ಸಂಖ್ಯೆನಾ ಮೇಷ್ಟ್ರೇ? ನೋಡಿದ್ರೆ ಹಾಗೇ ಕಾಣುತ್ತೆ.

ಹಾಗೆ ಕಾಣಲು ಕಾರಣ ಇದೆ. ಕೊನೆಯ ಅಂಕಿ 1, ಆದ್ದರಿಂದ 2 ಮತ್ತು 5 ಹೋಗುವುದಿಲ್ಲ. ಅಂಕಿಗಳ ಮೊತ್ತ 22, ಆದ್ದರಿಂದ 3 ಹೋಗುವುದಿಲ್ಲ. 7ರಿಂದ ಭಾಗಿಸಿದರೆ 2 ಉಳಿಯುತ್ತದೆ. 11ಕ್ಕೆ ಅಂಕಿಗಳನ್ನು ಬಿಟ್ಟು ಬಿಟ್ಟು ಕೂಡಿ ಕಳೆದರೆ ಸೊನ್ನೆಯೂ ಬರುವುದಿಲ್ಲ, 11ರ ಗುಣಕವೂ ಬರುವುದಿಲ್ಲ. 13ರಿಂದ ಭಾಗಿಸಿದರೆ 1 ಉಳಿಯುತ್ತದೆ. ಇಲ್ಲಿಗೆ ಬಂದಾಗ ಜಾಸ್ತಿ ಜನ ಕೈಬಿಟ್ಟು ಅವಿಭಾಜ್ಯ ಅಂದುಬಿಡುತ್ತಾರೆ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ 17 ಸಿಗುತ್ತದೆ. 577201 = 17 × 33953. ಆ 33953 ಮತ್ತೆ 19ರಿಂದ ಸರಿಯಾಗಿ ಭಾಗವಾಗುತ್ತದೆ, ಭಾಗಲಬ್ಧ 1787. ಹಾಗಾಗಿ

577201 = 17 × 19 × 1787

ಮುಂದಿನ ಹೆಚ್ಚಿನ ಉತ್ತರಗಳು ಈ ಒಂದು ಸಾಲಿನಿಂದಲೇ ಹೊರಡುತ್ತವೆ.

17 ರಿಂದ ಭಾಗ ಹೋಗುತ್ತೆ ಅಂತ ಉದ್ದ ಭಾಗಾಕಾರ ಮಾಡದೇ ಹೇಗೆ ಗೊತ್ತಾಗೋದು?

ಕೊನೆಯ ಅಂಕಿಯನ್ನು ತೆಗೆಯಿರಿ. ಅದರ ಐದು ಪಟ್ಟನ್ನು ಉಳಿದದ್ದರಿಂದ ಕಳೆಯಿರಿ. ಸಂಖ್ಯೆ ಚಿಕ್ಕದಾಗುವ ತನಕ ಹೀಗೇ ಮಾಡಿ.

57720 − 5 = 57715
5771 − 25 = 5746
574 − 30 = 544
54 − 20 = 34

34 ಎಂದರೆ 17ರ ಎರಡರಷ್ಟು. ಆದ್ದರಿಂದ ಮೂಲ ಸಂಖ್ಯೆಯೂ 17ರಿಂದ ಭಾಗವಾಗುತ್ತದೆ.

ಯಾಕೆ ಹೀಗೆ? ಕೊನೆಯ ಅಂಕಿ ಬ, ಉಳಿದದ್ದು ಅ ಎಂದಿಟ್ಟುಕೊಳ್ಳಿ. ಸಂಖ್ಯೆ 10ಅ + ಬ. ಅ − 5ಬ ಎಂಬುದನ್ನು 10ರಿಂದ ಗುಣಿಸಿದರೆ 10ಅ − 50ಬ. ಇದು ಮೂಲ ಸಂಖ್ಯೆಗಿಂತ 51ಬ ಕಡಿಮೆ, ಮತ್ತು 51 ಅಂದರೆ 17ರ ಮೂರರಷ್ಟು. ಹಾಗಾಗಿ ಒಂದು 17ರಿಂದ ಭಾಗವಾದರೆ ಇನ್ನೊಂದೂ ಆಗಲೇಬೇಕು.

19ಕ್ಕೆ ಇನ್ನೂ ಸುಲಭ. ಕೊನೆಯ ಅಂಕಿಯ ಎರಡು ಪಟ್ಟನ್ನು ಉಳಿದದ್ದಕ್ಕೆ ಕೂಡಿ. 33953ಕ್ಕೆ ಮಾಡಿದರೆ 3401, ಆಮೇಲೆ 342, ಆಮೇಲೆ 38. ಅದು 19ರ ಎರಡರಷ್ಟು. ಕಾರಣವನ್ನು ಮೇಲಿನ ದಾರಿಯಲ್ಲೇ ನೀವೇ ಕಂಡುಕೊಳ್ಳಬಹುದು.

1787 ಇನ್ನು ಒಡೆಯಲ್ಲ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

1787ರ ವರ್ಗಮೂಲ 42ಕ್ಕಿಂತ ಸ್ವಲ್ಪ ಜಾಸ್ತಿ. ಅದು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಒಂದಾದರೂ 42ರ ಒಳಗೆ ಇರಬೇಕು. ಎರಡೂ ಅದಕ್ಕಿಂತ ದೊಡ್ಡವಾದರೆ ಗುಣಲಬ್ಧ 1787ನ್ನು ದಾಟಿಬಿಡುತ್ತದೆ. ಆದ್ದರಿಂದ 2ರಿಂದ 41ರವರೆಗಿನ 13 ಅವಿಭಾಜ್ಯ ಸಂಖ್ಯೆಗಳನ್ನು ಪರೀಕ್ಷಿಸಿದರೆ ಸಾಕು. ಯಾವುದೂ ಹೋಗುವುದಿಲ್ಲ. 7, 17 ಮತ್ತು 19ರ ಹತ್ತಿರ ಜಾಗರೂಕರಾಗಿರಿ, 1785 ಮೊದಲಿನ ಎರಡರ ಗುಣಕ, 1786 ಕೊನೆಯದರ ಗುಣಕ. ತಪ್ಪು ಮಾಡುವುದು ಸುಲಭ.

ಮೊಬೈಲಲ್ಲಿ ಹಾಕಿದ್ರೆ ಒಂದೇ ಕ್ಷಣಕ್ಕೆ ಬರುತ್ತಲ್ವಾ?

ಬರುತ್ತದೆ. ಉತ್ತರ ಮಾತ್ರ ಬೇಕಿದ್ದರೆ ಹಾಗೇ ಮಾಡಿ. ಆದರೆ 42ಕ್ಕೆ ಯಾಕೆ ನಿಲ್ಲಿಸಬಹುದು ಎಂಬ ವಿಚಾರ ಮೊಬೈಲಿನ ಉತ್ತರದಲ್ಲಿ ಕಾಣುವುದಿಲ್ಲ. ಮಕ್ಕಳಿಗೆ ಒಮ್ಮೆಯಾದರೂ ಕೈಯಲ್ಲಿ ಮಾಡಿಸಿ.

## ಯಾವ ಗುಂಪಿಗೆ ಸೇರುತ್ತದೆ

ಸ್ಫೀನಿಕ್ ಸಂಖ್ಯೆ ಅಂತ ಕೇಳಿದೆ. ಹಾಗಂದ್ರೇನು?

ಮೂರು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದು ಸಲ ಮಾತ್ರ ಗುಣಿಸಿದರೆ ಬರುವ ಸಂಖ್ಯೆ. ಎಲ್ಲಕ್ಕಿಂತ ಚಿಕ್ಕದು 30, ಅಂದರೆ 2 × 3 × 5. ಆಮೇಲೆ 42, 66, 70, 78. ನಮ್ಮ 577201 ಕೂಡ ಈ ಗುಂಪಿನದು.

ಇಂಥ ಪ್ರತಿ ಸಂಖ್ಯೆಗೂ ಸರಿಯಾಗಿ ಎಂಟು ಭಾಜಕಗಳು. ಮೂರು ಅಪವರ್ತನಗಳಲ್ಲಿ ಪ್ರತಿಯೊಂದನ್ನೂ ಸೇರಿಸಬಹುದು ಅಥವಾ ಬಿಡಬಹುದು, ಹಾಗಾಗಿ 2 × 2 × 2. ನಮ್ಮದಕ್ಕೆ ಅವು 1, 17, 19, 323, 1787, 30379, 33953 ಮತ್ತು 577201.

ಅಂಗಳದಲ್ಲಿ 5,77,201 ಗೋಟಡಿಕೆ ಇವೆ, ಅವನ್ನು ಸಾಲು ಸಾಲಾಗಿ ಆಯತದ ಆಕಾರದಲ್ಲಿ ಜೋಡಿಸಬೇಕು ಅಂದುಕೊಳ್ಳಿ. ಒಂದೂ ಮಿಗಬಾರದು, ಕಡಿಮೆಯೂ ಬೀಳಬಾರದು. ನಾಲ್ಕೇ ದಾರಿ ಇವೆ. ಒಂದೇ ಉದ್ದ ಸಾಲು, 17 ಸಾಲು, 19 ಸಾಲು, ಇಲ್ಲವೇ 323 ಸಾಲು. ಕೊನೆಯದರಲ್ಲಿ ಸಾಲಿಗೆ 1787 ಅಡಿಕೆ. ಒಂದೇ ಒಂದು ಅಡಿಕೆ ತೆಗೆದರೆ 577200, ಅದಕ್ಕೆ ಲೆಕ್ಕವಿಲ್ಲದಷ್ಟು ದಾರಿ ತೆರೆಯುತ್ತವೆ. ಯಾಕೆಂದರೆ ಅದು 2⁴ × 3 × 5² × 13 × 37, ಭಾಜಕಗಳು 120. ಅಕ್ಕಪಕ್ಕದ ಎರಡು ಸಂಖ್ಯೆಗಳ ಸ್ವಭಾವ ಇಷ್ಟು ಬೇರೆ ಇರುತ್ತದೆ.

ಭದ್ರಾವತಿ, ಸಾಗರದ ಪಿನ್‌ಕೋಡೂ ಹೀಗೇ ಅಂತ ಹೇಳ್ತಾರೆ. ನಿಜಾನಾ?

ನಿಜ. ಮೊದಲ ಸಲ ಗೊತ್ತಾದಾಗ ನನಗೆ ಬಹಳ ಸಂತೋಷವಾಯಿತು. ನೋಡಿ:

ಚಿಕ್ಕಮಗಳೂರು 577101 = 3 × 7 × 27481
ಶಿವಮೊಗ್ಗ 577201 = 17 × 19 × 1787
ಭದ್ರಾವತಿ 577301 = 47 × 71 × 173
ಸಾಗರ 577401 = 3 × 11 × 17497

ನೂರು ನೂರರ ಅಂತರದಲ್ಲಿರುವ ನಾಲ್ಕೂ ಸ್ಫೀನಿಕ್. ಹೊಸನಗರದ 577418 ಕೂಡ ಇದೇ ಜಾತಿ, 2 × 103 × 2803. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕು ಕೇಂದ್ರಗಳಲ್ಲಿ ನಾಲ್ಕಕ್ಕೆ ಇದೇ ಗುಣ.

ಇದರ ಹಿಂದೆ ಏನೋ ಗುಟ್ಟಿದೆಯಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಸರಣಿಯನ್ನು ಹಿಂದಕ್ಕೆ ಎಳೆದರೆ ದಾವಣಗೆರೆಯ 577001 ಸಿಗುತ್ತದೆ. ಅದು 23 × 25087, ಎರಡೇ ಅಪವರ್ತನ. ಅಲ್ಲಿಗೆ ಸರಣಿ ತುಂಡಾಯಿತು.

ಆದರೂ ಇಷ್ಟೊಂದು ಸ್ಫೀನಿಕ್ ಯಾಕೆ ಸಿಕ್ಕವು ಎನ್ನುವುದಕ್ಕೆ ಒಳ್ಳೆಯ ಕಾರಣವಿದೆ. ಒಂದು ಸಂಖ್ಯೆಗೆ ಸಾಮಾನ್ಯವಾಗಿ ಎಷ್ಟು ಬೇರೆ ಬೇರೆ ಅವಿಭಾಜ್ಯ ಅಪವರ್ತನಗಳು ಇರುತ್ತವೆ ಎಂಬುದನ್ನು ಹಾರ್ಡಿ ಮತ್ತು ರಾಮಾನುಜನ್ 1917ರಲ್ಲಿ ತೋರಿಸಿದರು. ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ ತೆಗೆದು, ಅದರ ಲಾಗರಿದಮ್ ಮತ್ತೆ ತೆಗೆದರೆ ಬರುವ ಬೆಲೆಯ ಆಸುಪಾಸು. 577201ಕ್ಕೆ ಹೀಗೆ ಮಾಡಿದರೆ ಸುಮಾರು 2.6. ಅಂದರೆ ಈ ಗಾತ್ರದ ಸಂಖ್ಯೆಗಳಿಗೆ ಎರಡೋ ಮೂರೋ ಅಪವರ್ತನ ಇರುವುದು ಮಾಮೂಲು. ಒಂದೇ ಇರುವುದು ಅಥವಾ ಆರು ಇರುವುದು ಅಪರೂಪ. ನಮ್ಮೂರಿನ ಸಂಖ್ಯೆಗಳು ವಿಚಿತ್ರವಾಗಿಲ್ಲ, ತಮ್ಮ ಗಾತ್ರಕ್ಕೆ ತಕ್ಕಂತೆ ಇವೆ.

ಹಾಗಾದ್ರೆ ಅವಿಭಾಜ್ಯ ಪಿನ್‌ಕೋಡ್ ಇರೋ ಊರು ನಮ್ಮ ಜಿಲ್ಲೆಯಲ್ಲಿ ಇಲ್ವಾ?

ಇದೆ. ಶಿಕಾರಿಪುರ, 577427. ಇದನ್ನು ಖಾತ್ರಿ ಮಾಡಲು 757ರವರೆಗಿನ 134 ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ ನೋಡಬೇಕು. ಯಾವುದೂ ಭಾಗಿಸುವುದಿಲ್ಲ. ಈ ಗಾತ್ರದಲ್ಲಿ ಸರಾಸರಿ 13 ಸಂಖ್ಯೆಗಳಿಗೆ ಒಂದು ಅವಿಭಾಜ್ಯ ಸಿಗುತ್ತದೆ, ಆದ್ದರಿಂದ ಏಳು ಕೇಂದ್ರಗಳಲ್ಲಿ ಒಂದು ಸಿಕ್ಕಿದ್ದು ಅದೃಷ್ಟವೇ.

ಎರಡೇ ಹೆಜ್ಜೆ ಆಚೆ ಸೊರಬದ 577429 ಇದೆ. ಅದೂ ಅವಿಭಾಜ್ಯವಾಗಿದ್ದರೆ ಈ ಎರಡನ್ನು ಅವಳಿ ಅವಿಭಾಜ್ಯಗಳು ಅನ್ನಬಹುದಿತ್ತು. ಆದರೆ ಅದು 19 × 30391. ಆಗುಂಬೆಯ 577411 ಕೂಡ ಎರಡರ ಗುಣಲಬ್ಧ, 79 × 7309.

ವರ್ಗಮುಕ್ತ ಸಂಖ್ಯೆ ಅಂದ್ರೆ ಏನು? ಉದಾಹರಣೆ ಇಲ್ಲಿಯದೇ ಕೊಡಿ.

1ಕ್ಕಿಂತ ದೊಡ್ಡದಾದ ಯಾವ ಪೂರ್ಣ ವರ್ಗವೂ ಭಾಗಿಸದ ಸಂಖ್ಯೆ. ಶಿವಮೊಗ್ಗದ್ದು ವರ್ಗಮುಕ್ತ, ಯಾಕೆಂದರೆ ಮೂರು ಅಪವರ್ತನಗಳಲ್ಲಿ ಯಾವುದೂ ಎರಡನೇ ಸಲ ಬರುವುದಿಲ್ಲ. ತೀರ್ಥಹಳ್ಳಿಯ 577432 ವರ್ಗಮುಕ್ತ ಅಲ್ಲ. ಅದು 2³ × 89 × 811, ಅದರಲ್ಲಿ 4 ಅಡಗಿದೆ. ನನಗೆ ಜಾಸ್ತಿ ಇಷ್ಟವಾದದ್ದು ಶೃಂಗೇರಿಯ 577139. ಅದು 23² × 1091. ಇಷ್ಟು ದೊಡ್ಡ ಅವಿಭಾಜ್ಯದ ವರ್ಗ ಒಳಗಿರುವುದು ಸುಲಭಕ್ಕೆ ಕಾಣುವ ಸಂಗತಿಯಲ್ಲ.

ಇದು ಪರಿಪೂರ್ಣ ಸಂಖ್ಯೆಯಾ?

ಅಲ್ಲ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ ತಾನೇ ಬರಬೇಕು, ಆಗ ಪರಿಪೂರ್ಣ. 6, 28, 496, 8128 ಹಾಗಿವೆ. ನಮ್ಮದರ ಏಳು ಭಾಜಕಗಳ ಮೊತ್ತ 66479 ಮಾತ್ರ. ಆದ್ದರಿಂದ ಇದು ಕೊರತೆಯ ಸಂಖ್ಯೆ. ಚಿಕ್ಕ ಅಪವರ್ತನಗಳಿಲ್ಲದ ಬೆಸ ಸಂಖ್ಯೆಗಳು ಹೀಗೇ ಇರುತ್ತವೆ.

## ಅಂಕಿಗಳ ಆಟ

ಕೂಡಿದ್ರೆ 22, ಮತ್ತೆ ಕೂಡಿದ್ರೆ 4. ಇದು ಊರಿಗೆ ಒಳ್ಳೇದಾ ಕೆಟ್ಟದ್ದಾ?

ಈ ಪ್ರಶ್ನೆ ತುಂಬಾ ಬರುತ್ತದೆ. ಗಣಿತದಲ್ಲಿ ಆ 4ಕ್ಕೆ ಒಂದೇ ಅರ್ಥ: 577201ನ್ನು 9ರಿಂದ ಭಾಗಿಸಿದರೆ 4 ಉಳಿಯುತ್ತದೆ. ಊರಿನ ಭವಿಷ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಅಂಕಿಗಳ ಮೊತ್ತ ಸಂಖ್ಯೆಯ ಗುಣವಲ್ಲ, ನಾವು ಅದನ್ನು ಬರೆಯುವ ರೀತಿಯ ಗುಣ. ಹತ್ತರ ಬದಲು ಎರಡರ ಆಧಾರದಲ್ಲಿ ಬರೆದರೆ ಮೊತ್ತ 10 ಆಗುತ್ತದೆ. 17 × 19 × 1787 ಎಂಬುದು ಮಾತ್ರ ಯಾವ ಲಿಪಿಯಲ್ಲಿ, ಯಾವ ಆಧಾರದಲ್ಲಿ ಬರೆದರೂ ಬದಲಾಗುವುದಿಲ್ಲ. ಈ ಭಾಗದಲ್ಲಿ ಮುಂದೆ ಬರುವುದೆಲ್ಲ ಬರವಣಿಗೆಯ ಆಟ. ಆಟದಲ್ಲೂ ಸೊಗಸಿದೆ, ಆದರೆ ವ್ಯತ್ಯಾಸ ಗೊತ್ತಿರಲಿ.

ತಿರುಗಿಸಿ ಬರೆದು ಕೂಡಿದ್ರೆ ಏನೋ ಚಮತ್ಕಾರ ಆಗುತ್ತಂತೆ?

577201 + 102775 = 679976. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ.

ಕಾರಣ ಸರಳ. ಜೋಡಿಗಳನ್ನು ನೋಡಿ: 5 ಮತ್ತು 1, 7 ಮತ್ತು 0, 7 ಮತ್ತು 2. ಮೊತ್ತ 6, 7, 9. ಯಾವುದೂ 10 ಮುಟ್ಟುವುದಿಲ್ಲ, ಆದ್ದರಿಂದ ದಶಕ ಎಲ್ಲೂ ಬರುವುದಿಲ್ಲ. ದಶಕ ಬರದಿದ್ದರೆ ಎಡಬಲ ಸಮವಾಗಲೇಬೇಕು. ದಶಕ ಬಂದರೆ ಮತ್ತೆ ತಿರುಗಿಸಿ ಕೂಡುತ್ತಾ ಹೋಗಬೇಕು. ಎಷ್ಟೋ ಸಂಖ್ಯೆಗಳು ಬೇಗ ದಾರಿಗೆ ಬರುತ್ತವೆ. 196 ಎಂಬ ಪುಟ್ಟ ಸಂಖ್ಯೆ ಎಂದಾದರೂ ಬರುತ್ತದೆಯೇ ಎಂಬುದನ್ನು ಇಂದಿಗೂ ಯಾರೂ ಸಾಧಿಸಿಲ್ಲ.

ಇಂಥ ಎಡಬಲ ಸಮ ಸಂಖ್ಯೆಗಳ ಮೇಲಿನ ಪ್ರೀತಿ ನಮ್ಮ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು 12345654321 ಎಂಬ ಸಂಖ್ಯೆಯನ್ನು, ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದು ಎಂದು ವರ್ಣಿಸಿದ್ದಾರೆ. ಅದು 111111ರ ವರ್ಗ.

ಕಾಪ್ರೇಕರ್ ಅವರ 6174ರ ಆಟ ಇದರ ಮೇಲೆ ಆಡಬಹುದಾ?

ಆಡಬಹುದು. ಆದರೆ ಕೊನೆ ಬೇರೆ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯುತ್ತಾ ಹೋಗುವುದು ಆಟ. ಎಲ್ಲ ಅಂಕಿಗಳೂ ಒಂದೇ ಆಗಿರದ ನಾಲ್ಕಂಕಿ ಸಂಖ್ಯೆಗಳು 6174ಕ್ಕೆ ಬಂದು ನಿಲ್ಲುತ್ತವೆ.

ಆರಂಕಿಯಲ್ಲಿ ನಮ್ಮದು ಹೀಗೆ ಸಾಗುತ್ತದೆ. 775210 − 012577 = 762633. ಆಮೇಲೆ 532665, 429966, 749943, 652644, 420876. ಅಲ್ಲಿಂದ ಮುಂದೆ 851742, 750843, 840852, 860832, 862632, 642654, ಮತ್ತೆ 420876. ನಿಲ್ಲುವುದೇ ಇಲ್ಲ. ಏಳು ಸಂಖ್ಯೆಗಳ ಸುತ್ತಿನಲ್ಲಿ ಸಿಕ್ಕಿಕೊಂಡು ತಿರುಗುತ್ತಲೇ ಇರುತ್ತದೆ.

ಕಾಪ್ರೇಕರ್ ಅವರದೇ ಇನ್ನೊಂದು ಗುಂಪು ಹರ್ಷದ್ ಸಂಖ್ಯೆಗಳು, ತಮ್ಮ ಅಂಕಿಗಳ ಮೊತ್ತದಿಂದ ಭಾಗವಾಗುವಂಥವು. ಬೆಸ ಸಂಖ್ಯೆಯನ್ನು 22 ಭಾಗಿಸಲಾರದು, ಆದ್ದರಿಂದ ನಮ್ಮದು ಹರ್ಷದ್ ಅಲ್ಲ. ಯಾವ ಸಂಖ್ಯೆಗೆ ಅದರದೇ ಅಂಕಿಗಳ ಮೊತ್ತ ಕೂಡಿದರೂ ಸಿಗದ ಸಂಖ್ಯೆಯನ್ನು ಸ್ವಯಂ ಸಂಖ್ಯೆ ಅನ್ನುತ್ತಾರೆ, ನಮ್ಮದು ಅದೂ ಅಲ್ಲ. 577172ಕ್ಕೆ ಅದರ ಅಂಕಿಗಳ ಮೊತ್ತ 29 ಕೂಡಿದರೆ 577201 ಸಿಗುತ್ತದೆ, ಅಂದರೆ ಅದನ್ನು ಹುಟ್ಟಿಸುವ ಸಂಖ್ಯೆ ಒಂದಿದೆ.

ಕಂಪ್ಯೂಟರ್ ಭಾಷೆಯಲ್ಲಿ, ಅಂದ್ರೆ 0 ಮತ್ತು 1ರಲ್ಲಿ ಹೇಗೆ ಬರೆಯೋದು?

10001100111010110001. ಒಟ್ಟು 20 ಸ್ಥಾನ. ಎಣಿಸಿ ನೋಡಿ, ಹತ್ತು ಒಂದು, ಹತ್ತು ಸೊನ್ನೆ, ಸರಿಸಮ.

ಪಿನ್‌ಕೋಡ್ ಎರಡು ಸಲ ಪಕ್ಕಪಕ್ಕ ಬರೆದ್ರೆ 101ರಿಂದ ಭಾಗ ಹೋಗುತ್ತೆ ಅಂತ ನಮ್ಮ ಹುಡುಗ ಹೇಳ್ತಾನೆ.

ಹುಡುಗ ಸರಿಯಾಗಿ ಹೇಳಿದ್ದಾನೆ. 577201577201 ಅಂದರೆ 577201 × 1000001. ಆ 1000001 ಎಂಬುದು 101 × 9901. ಯಾವ ಊರಿನ ಪಿನ್‌ಕೋಡ್ ಆದರೂ ಇದು ನಡೆಯುತ್ತದೆ.

## ಇನ್ನಷ್ಟು ಆಳಕ್ಕೆ

ಎರಡು ವರ್ಗಗಳ ಮೊತ್ತವಾಗಿ ಬರೆಯಕ್ಕಾಗುತ್ತಾ?

ಆಗುವುದಿಲ್ಲ. 577201ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ, ಆದ್ದರಿಂದ ಮೊದಲ ನೋಟಕ್ಕೆ ಆಸೆ ಹುಟ್ಟುತ್ತದೆ. ಆದರೆ ನಿಯಮ ಅಪವರ್ತನಗಳನ್ನು ಕೇಳುತ್ತದೆ. 4ರಿಂದ ಭಾಗಿಸಿದಾಗ 3 ಉಳಿಸುವ ಅವಿಭಾಜ್ಯಗಳು ಬಂದರೆ ಸಮ ಸಲವೇ ಬರಬೇಕು. ಇಲ್ಲಿ 19 ಮತ್ತು 1787 ಎರಡೂ ಅಂಥವು, ಎರಡೂ ಒಂದೊಂದೇ ಸಲ ಬಂದಿವೆ.

ಮೂರು ವರ್ಗ ಕೊಟ್ಟರೆ ಆಗುತ್ತದೆ: 758² + 51² + 6². ನಾಲ್ಕು ವರ್ಗಗಳಿಂದ ಎಲ್ಲ ಪೂರ್ಣ ಸಂಖ್ಯೆಗಳನ್ನೂ ಬರೆಯಬಹುದು ಎಂದು ಲಗ್ರಾಂಜ್ 1770ರಲ್ಲಿ ಸಾಧಿಸಿದರು.

ವರ್ಗಗಳ ವ್ಯತ್ಯಾಸದಿಂದ ಅಪವರ್ತನ ಹುಡುಕೋ ಫರ್ಮಾ ವಿಧಾನ ಇಲ್ಲಿ ಉಪಯೋಗಕ್ಕೆ ಬರುತ್ತಾ?

ಬರುತ್ತದೆ, ಆದರೆ ನಿಧಾನ. 1055² − 732² = 577201. ಇದರಿಂದ (1055 − 732) × (1055 + 732), ಅಂದರೆ 323 × 1787 ತಕ್ಷಣ ಸಿಗುತ್ತದೆ.

ಸಮಸ್ಯೆ ಏನೆಂದರೆ 1055ನ್ನು ತಲುಪುವುದು. ವರ್ಗಮೂಲದ ಮೇಲಿನ ಮೊದಲ ಸಂಖ್ಯೆ 760ರಿಂದ ಶುರು ಮಾಡಬೇಕು. 760² − 577201 = 399, ಇದು ಪೂರ್ಣ ವರ್ಗವಲ್ಲ. ಹೀಗೆ ಒಂದೊಂದೇ ಏರುತ್ತಾ 296ನೇ ಸಲಕ್ಕೆ ಉತ್ತರ ಬರುತ್ತದೆ. ಚಿಕ್ಕ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋದವರಿಗೆ ಏಳನೆಯದರಲ್ಲೇ 17 ಸಿಗುತ್ತದೆ. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರ ಇದ್ದಾಗ ಫರ್ಮಾ ವಿಧಾನ ಗೆಲ್ಲುತ್ತದೆ, ಒಂದು ತೀರಾ ಚಿಕ್ಕದಿದ್ದಾಗ ಭಾಗಾಕಾರ ಗೆಲ್ಲುತ್ತದೆ.

ಸಾಲಾಗಿ ಬರುವ ಸಂಖ್ಯೆಗಳನ್ನ ಕೂಡಿ 577201 ಮಾಡಬಹುದಾ?

ಏಳು ರೀತಿಯಲ್ಲಿ ಮಾಡಬಹುದು. 1ನ್ನು ಬಿಟ್ಟು ಉಳಿದ ಪ್ರತಿ ಬೆಸ ಭಾಜಕಕ್ಕೂ ಒಂದು ರೀತಿ. ಸುಲಭದ್ದು 288600 + 288601. ಹದಿನೇಳು ಸಂಖ್ಯೆ ಬೇಕಿದ್ದರೆ 33945ರಿಂದ 33961ರವರೆಗೆ. ಎಲ್ಲಕ್ಕಿಂತ ಉದ್ದದ್ದು 571ರಿಂದ 1216ರವರೆಗಿನ 646 ಸಂಖ್ಯೆಗಳು. ಉಳಿದ ನಾಲ್ಕನ್ನು ಮಕ್ಕಳಿಗೆ ಬಿಡುತ್ತೇನೆ.

ರಾಮಾನುಜನ್ ಸಂಖ್ಯೆ 1729ಕ್ಕೂ ಇದಕ್ಕೂ ಏನಾದ್ರೂ ನಂಟಿದೆಯಾ?

1729 = 7 × 13 × 19. ಅದೂ ಸ್ಫೀನಿಕ್, ಅದರಲ್ಲೂ 19 ಇದೆ. ಆದರೆ 1729ರ ಬಳಿ ಇರುವ ಒಂದು ಗುಣ ನಮ್ಮದರಲ್ಲಿಲ್ಲ.

ಫರ್ಮಾ ಹೇಳಿದ ಒಂದು ಪರೀಕ್ಷೆಯಲ್ಲಿ ಅವಿಭಾಜ್ಯಗಳೆಲ್ಲ ಪಾಸಾಗುತ್ತವೆ. ಕೆಲವು ಸಂಯುಕ್ತ ಸಂಖ್ಯೆಗಳು ಅವಿಭಾಜ್ಯದ ವೇಷ ಹಾಕಿ ಅದೇ ಪರೀಕ್ಷೆಯನ್ನು ದಾಟುತ್ತವೆ. ಅವನ್ನು ಕಾರ್ಮೈಕಲ್ ಸಂಖ್ಯೆಗಳು ಅನ್ನುತ್ತಾರೆ. ಅವುಗಳಿಗೆ ಕನಿಷ್ಠ ಮೂರು ಅಪವರ್ತನ ಇರಲೇಬೇಕು, ವರ್ಗಮುಕ್ತ ಆಗಿರಬೇಕು, ಮತ್ತು ಪ್ರತಿ ಅವಿಭಾಜ್ಯ ಅಪವರ್ತನದಿಂದ 1 ಕಳೆದರೆ ಬರುವುದು, ಸಂಖ್ಯೆಯಿಂದ 1 ಕಳೆದದ್ದನ್ನು ಭಾಗಿಸಬೇಕು. 1729ಕ್ಕೆ 6, 12, 18 ಮೂರೂ 1728ನ್ನು ಭಾಗಿಸುತ್ತವೆ. ನಮ್ಮದರಲ್ಲಿ 16 ಎಂಬುದು 577200ನ್ನು ಭಾಗಿಸುತ್ತದೆ. 18 ಭಾಗಿಸುವುದಿಲ್ಲ, 577200ರಲ್ಲಿ 3 ಒಂದೇ ಸಲ ಇದೆ. ಅಲ್ಲಿಗೆ ವೇಷ ಕಳಚಿತು.

ಬ್ಯಾಂಕಿನ ಗುಟ್ಟು ಕಾಯೋದು ಅಪವರ್ತನದಿಂದಲೇ ಅಂತಾರೆ. ಇಂಥ ಸಂಖ್ಯೆ ಸಾಕಾಗುತ್ತಾ?

ಸಾಕಾಗುವುದಿಲ್ಲ. ರಿವೆಸ್ಟ್, ಶಮೀರ್, ಆಡ್ಲ್‌ಮನ್ 1977ರಲ್ಲಿ ಕಟ್ಟಿದ ಆರ್‌ಎಸ್‌ಎ ವಿಧಾನದಲ್ಲಿ ಎರಡು ಭಾರಿ ಅವಿಭಾಜ್ಯಗಳ ಗುಣಲಬ್ಧವನ್ನು ಬಹಿರಂಗವಾಗಿ ಕೊಡುತ್ತಾರೆ, ಅಪವರ್ತನಗಳನ್ನು ಬಚ್ಚಿಡುತ್ತಾರೆ. 2048 ಬಿಟ್‌ನ ಸಂಖ್ಯೆ ಅಂದರೆ 617 ಅಂಕಿ. ನಮ್ಮದು ಆರು.

ಈ ವಿಧಾನದ ಜೀವ ಇರುವುದು ಆಯ್ಲರ್ ಎಣಿಕೆಯಲ್ಲಿ. ಒಂದು ಸಂಖ್ಯೆಗಿಂತ ಚಿಕ್ಕವಾದ, ಅದರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳು ಎಷ್ಟು ಎಂಬುದು ಆ ಎಣಿಕೆ. ನಮ್ಮದಕ್ಕೆ 16 × 18 × 1786 = 514368, ನೂರಕ್ಕೆ ಸುಮಾರು 89. ಅಪವರ್ತನ ಗೊತ್ತಿದ್ದರೆ ಇದು ಒಂದು ಸಾಲಿನ ಲೆಕ್ಕ. ಗೊತ್ತಿಲ್ಲದವರಿಗೆ ಸುಲಭದ ದಾರಿ ಇಲ್ಲ.

ಒಂದು ಸೋಜಿಗ ಇಲ್ಲಿದೆ. ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವುದು ಸುಲಭ. ಅದಕ್ಕೆ ವೇಗದ, ಸಂಶಯಕ್ಕೆ ಎಡೆಯಿಲ್ಲದ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಅವಿಭಾಜ್ಯ ಅಲ್ಲ ಎಂದು ತಿಳಿದ ಮೇಲೂ ಅದರ ಅಪವರ್ತನ ಯಾವುದು ಎಂದು ಹುಡುಕುವುದಕ್ಕೆ ಅಂಥ ವೇಗದ ವಿಧಾನ ಇಂದಿನ ಸಾಮಾನ್ಯ ಕಂಪ್ಯೂಟರುಗಳಿಗೆ ಸಿಕ್ಕಿಲ್ಲ.

ಬರೀ 577ಕ್ಕೆ ಏನಾದ್ರೂ ವಿಶೇಷ ಇದೆಯಾ?

ಇದೆ, ಅದೂ ತುಂಬಾ ಹಳೆಯದು. 577 ಅವಿಭಾಜ್ಯ. ಅದಕ್ಕಿಂತ ಮುಖ್ಯವಾದದ್ದು, ಬೌಧಾಯನರ ಶುಲ್ಬಸೂತ್ರದಲ್ಲಿ ಚೌಕದ ಕರ್ಣ ಅಳೆಯಲು ಕೊಟ್ಟಿರುವ ಲೆಕ್ಕ. ಬಾಹುವಿಗೆ ಅದರ ಮೂರನೇ ಒಂದು ಭಾಗ ಸೇರಿಸಿ, ಆ ಭಾಗದ ನಾಲ್ಕನೇ ಒಂದನ್ನು ಸೇರಿಸಿ, ಕೊನೆಗೆ ಸೇರಿಸಿದ್ದರ ಮೂವತ್ತನಾಲ್ಕನೇ ಒಂದನ್ನು ಕಳೆಯಿರಿ ಎನ್ನುತ್ತದೆ. ಅಂದರೆ 1 + 1/3 + 1/12 − 1/408. ಕೂಡಿದರೆ 577/408.

ಇದರ ಬೆಲೆ 1.4142156, ಎರಡರ ವರ್ಗಮೂಲ 1.4142135. ಐದು ದಶಮಾಂಶ ಸ್ಥಾನಗಳವರೆಗೆ ಸರಿ. ಇಷ್ಟು ನಿಖರವಾಗಲು ಕಾರಣ 577² = 332929 ಮತ್ತು 408²ರ ಎರಡರಷ್ಟು 332928. ವ್ಯತ್ಯಾಸ ಒಂದೇ ಒಂದು. ಇಂಥ ಜೋಡಿಗಳಿಂದ ಹೊಸ ಜೋಡಿ ಹುಟ್ಟಿಸುವ ದಾರಿಯನ್ನು ಬ್ರಹ್ಮಗುಪ್ತರು 7ನೇ ಶತಮಾನದಲ್ಲಿ ಕೊಟ್ಟರು. 17 ಮತ್ತು 12ರಿಂದ ಶುರು ಮಾಡಿ. 17² = 289, 12²ರ ಎರಡರಷ್ಟು 288. ಅವೆರಡನ್ನು ಕೂಡಿದರೆ 577. 2 × 17 × 12 = 408. ಇಲ್ಲಿ ಬಂದ 17 ನಮ್ಮ ಸಂಖ್ಯೆಯ ಅಪವರ್ತನವೂ ಆಗಿರುವುದು ಆಕಸ್ಮಿಕ. ಆದರೂ ಮಕ್ಕಳಿಗೆ ತೋರಿಸಿದರೆ ಅವರ ಮುಖ ಅರಳುತ್ತದೆ.

1ನ್ನು 577201ರಿಂದ ಭಾಗಿಸಿದ್ರೆ ದಶಮಾಂಶ ಎಲ್ಲಿಗೆ ಮುಗಿಯುತ್ತೆ?

ಮುಗಿಯುವುದಿಲ್ಲ. 2 ಮತ್ತು 5 ಬಿಟ್ಟು ಬೇರೆ ಅಪವರ್ತನ ಛೇದದಲ್ಲಿ ಇದ್ದರೆ ಅಂಕಿಗಳು ಮರಳಿ ಮರಳಿ ಬರುತ್ತವೆ. ಎಷ್ಟು ಅಂಕಿ ಆದ ಮೇಲೆ ಮರಳುತ್ತವೆ ಎಂಬುದನ್ನೂ ಅಪವರ್ತನಗಳೇ ಹೇಳುತ್ತವೆ. 1/17ಕ್ಕೆ 16 ಅಂಕಿಗಳ ಸುತ್ತು. 1/19ಕ್ಕೆ 18. 1/1787ಕ್ಕೆ 893, ಅಂದರೆ 1786ರ ಅರ್ಧ. ಈ ಮೂರರ ಲ.ಸಾ.ಅ. ತೆಗೆಯಿರಿ. 16 ಮತ್ತು 18ಕ್ಕೆ 144. 893 ಎಂಬುದು 19 × 47, ಅದಕ್ಕೂ 144ಕ್ಕೂ ಸಾಮಾನ್ಯ ಅಪವರ್ತನ ಇಲ್ಲ. ಆದ್ದರಿಂದ 144 × 893 = 128592.

1/577201ರ ದಶಮಾಂಶ ಒಂದು ಲಕ್ಷ ಇಪ್ಪತ್ತೆಂಟು ಸಾವಿರದ ಐನೂರ ತೊಂಬತ್ತೆರಡು ಅಂಕಿಗಳಷ್ಟು ದೂರ ಹೋಗಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಂದೂ ಅಂಕಿ ಬರೆಯದೆ ಇದನ್ನು ಹೇಳಬಹುದು.